ತೆಗೆದವರದೋ, ತೆಗೆಸಿಕೊಂಡವರದೋ?

"ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಡಾಕ್ಟ್ರೇ, ಆದರೆ ದಯವಿಟ್ಟು ಸಕ್ಕರೆ ಕಾಯಿಲೆ ಮಾತ್ರ ಬೇಡ" ಎಂದು ಸಂಪಾದಕರು ಮೊದಲೇ ಷರತ್ತು ಹಾಕಿಬಿಟ್ಟಿದ್ದಾರೆ. ಹೋದ ಸಲದ ನನ್ನ ಲೇಖನ ಓದಿ ಯುಗಾದಿ ಊಟದ ದಿನ ಹಲವರು ಹೋಳಿಗೆಯ ಮುಂದೆ ಕೈಕಟ್ಟಿ ಕುಳಿತಿದ್ದರಂತೆ. ಆ ಪಾಪ ನನಗೆ ಬೇಡ. ಆದ್ದರಿಂದ ಈ ಸಲ ರೋಗಿಗಳ ಕಾಯಿಲೆ ಬಿಟ್ಟು ನನ್ನದೇ ಒಂದು ಕಾಯಿಲೆಯ ವಿಷಯ ಬರೆಯುತ್ತೇನೆ. ಅದು ಕ್ಯಾಮೆರಾ ಮತ್ತು ಕಂಪ್ಯೂಟರಿನ ಹುಚ್ಚು. ಮೂವತ್ತೈದು ವರ್ಷಗಳಿಂದ ಇದೆ, ಔಷಧವಿಲ್ಲ.

ನಮ್ಮ ಮನೆಯಲ್ಲಿ ಒಂದು ಕಪಾಟಿದೆ. ನನ್ನ ಶ್ರೀಮತಿ ಅದಕ್ಕೆ 'ಮಾರ್ಚುರಿ' ಎಂದು ಹೆಸರಿಟ್ಟಿದ್ದಾಳೆ. ಅದರಲ್ಲಿ ನನ್ನ ಮೊದಲ ಪೆಂಟಾಕ್ಸ್ ಕೆ-1000 ಕ್ಯಾಮೆರಾ ಇದೆ, ಬೆಳಕು ಅಳೆಯುವ ಮುಳ್ಳು ಬಿಟ್ಟರೆ ಎಲ್ಲವೂ ಕೈಯಿಂದಲೇ ಆಗಬೇಕಾದದ್ದು. ದೋಹಾದ ಬೇಸಿಗೆಗೆ ಹೆದರಿ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಇಡುತ್ತಿದ್ದ ಫಿಲ್ಮ್ ರೋಲುಗಳ ಖಾಲಿ ಡಬ್ಬಿಗಳಿವೆ. ಆಮೇಲೆ ಬಂದ ಡಿಜಿಟಲ್ ಕ್ಯಾಮೆರಾಗಳು, ಯಾವುದಕ್ಕೆ ಯಾವುದೆಂದು ಮರೆತುಹೋದ ಚಾರ್ಜರುಗಳು, ಒಂದರ ಮೇಲೊಂದು ಪೇರಿಸಿಟ್ಟ ಹಾರ್ಡ್ ಡಿಸ್ಕುಗಳು ಇವೆ. ಕಳೆದ ಬೇಸಿಗೆ ರಜೆಯಲ್ಲಿ ಮನೆಯವರೆಲ್ಲ ಊರಿಗೆ ಹೋದಾಗ ಹಳೆಯ ಡಿಸ್ಕುಗಳಲ್ಲಿರುವುದನ್ನೆಲ್ಲ ಹೊಸದೊಂದಕ್ಕೆ ತುಂಬಿಸೋಣವೆಂದು ಕುಳಿತೆ. ನಲವತ್ತು ಗಿಗಾಬೈಟಿನ ಒಂದು ಮುದುಕ ಡಿಸ್ಕು ಎರಡು ದಿನ ಟಕ್ ಟಕ್ ಎಂದು ಗೊಣಗಿ, ಮೂರನೆಯ ದಿನ ಹೇಗೋ ಬಾಯಿಬಿಟ್ಟಿತು. ಅದರೊಳಗೆ ಒಂದು ಮುಖ ಸಿಕ್ಕಿತು. ಈ ಬರಹಕ್ಕೆ ಕಾರಣ ಆ ಮುಖ.

ಅದು 2005ರ ಜನವರಿಯ ಚಿತ್ರ. ಮರುವರ್ಷ ಏಷ್ಯನ್ ಕ್ರೀಡಾಕೂಟ ನಡೆಯಲಿತ್ತು, ಊರಿಗೆ ಊರೇ ಕಟ್ಟೋಣದಲ್ಲಿತ್ತು. ಕಾರ್ನಿಷ್ ದಂಡೆಯ ಮೇಲೆ ಒಬ್ಬ ಕೆಲಸಗಾರ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಹಿಂದೆ ವೆಸ್ಟ್ ಬೇಯಲ್ಲಿ ಅರ್ಧಕ್ಕೆ ಎದ್ದ ಕಟ್ಟಡಗಳು, ಕ್ರೇನುಗಳು. ಸಂಜೆಯ ಬಿಸಿಲು ಅವನ ಕೆನ್ನೆಯ ಸಿಮೆಂಟಿನ ಧೂಳಿನ ಮೇಲೆ ಬಿದ್ದಿದೆ. ಒಳ್ಳೆಯ ಚಿತ್ರ ಎಂದು ಇಂದಿಗೂ ಸಂಕೋಚವಿಲ್ಲದೆ ಹೇಳುತ್ತೇನೆ.

ಅವನನ್ನು ಕೇಳದೆ, ದೂರದಿಂದಲೇ ತೆಗೆದೆ. ಆಮೇಲೆ ಮನೆಗೆ ಫೋನ್ ಮಾಡಿ ಮಾತನಾಡುತ್ತಿದ್ದಾಗ ನನ್ನ ಕನ್ನಡ ಅವನ ಕಿವಿಗೆ ಬಿದ್ದಿರಬೇಕು, ಎದ್ದು ಬಂದ.

"ನೀವು ಕನ್ನಡದವ್ರೇನ್ರಿ ಸಾಹೇಬ್ರ?"

ಗುಲ್ಬರ್ಗದ ಕಡೆಯ ಹಳ್ಳಿಯವನು. ಬಂದು ಎರಡು ವರ್ಷವಾಗಿತ್ತಂತೆ. ಸ್ವಲ್ಪ ಹೊತ್ತು ಊರು, ಮಳೆ, ಜೋಳ ಎಂದು ಮಾತಾಯಿತು. ಆಮೇಲೆ ಹಿಂಜರಿಯುತ್ತ ಕೇಳಿದ: "ನಂದು ಫೋಟೋ ಹೊಡದ್ರಲ್ರಿ, ಒಂದ್ ಕಾಪಿ ಕೊಡ್ತೀರೇನ್ರಿ? ಊರಿಗಿ ನಮ್ಮವ್ವಗ ಕಳಸ್ತೀನ್ರಿ. ಮಗ ಹ್ಯಾಂಗ ಆಗ್ಯಾನ ಅಂತ ಕೇಳ್ಕೋತ ಇರ್ತಾಳ."

"ಖಂಡಿತ ಕೊಡುತ್ತೇನಪ್ಪಾ" ಎಂದೆ. ನನ್ನ ಔಷಧ ಚೀಟಿಯ ಹಿಂಬದಿಯಲ್ಲಿ ಅವನು ಹೆಸರು, ಕ್ಯಾಂಪಿನ ವಿಳಾಸ ಬರೆದುಕೊಟ್ಟ. ಕಂಪನಿಯ ಬಸ್ಸು ಬಂತು, ಓಡಿದ. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡೆ. ಎರಡು ದಿನದ ನಂತರ ಅದು ವಾಷಿಂಗ್ ಮೆಷಿನ್ನಿನಿಂದ ಬಿಳಿ ಮುದ್ದೆಯಾಗಿ ಹೊರಬಂತು.

ಕಥೆ ಅಲ್ಲಿಗೇ ಮುಗಿದಿದ್ದರೆ ಮರೆವು ಎನ್ನಬಹುದಿತ್ತು. ಆದರೆ ಆ ವರ್ಷ ನಮ್ಮವರ ಛಾಯಾಚಿತ್ರ ಸ್ಪರ್ಧೆಗೆ ಅದೇ ಚಿತ್ರ ಕಳುಹಿಸಿದೆ. ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಚೌಕಟ್ಟು ಕಟ್ಟಿಸಿ, ಕೆಳಗೆ 'ಶ್ರಮದ ಮುಖ' ಎಂದು ಬರೆದೆ. ಎರಡನೆಯ ಬಹುಮಾನ ಬಂತು. ಬಹುಮಾನದ ಗೋಡೆ ಗಡಿಯಾರ ಇಂದಿಗೂ ನಮ್ಮ ಹಾಲಿನಲ್ಲಿ ಸರಿಯಾದ ಸಮಯ ತೋರಿಸುತ್ತಿದೆ. ಗೋಡೆಗೆ ಒಂದು ಪ್ರಿಂಟ್ ಹಾಕಿಸಲು ನನಗೆ ಸಮಯವಿತ್ತು. ಅವನಿಗಾಗಿ ಇನ್ನೊಂದನ್ನು ಹಾಕಿಸಿ, ನಾಲ್ಕು ಸಂಜೆ ಅದೇ ಜಾಗದಲ್ಲಿ ಆ ಬಸ್ಸಿಗೆ ಕಾಯಲು ಸಮಯವಿರಲಿಲ್ಲ.

ಈಗ ಡಿಸ್ಕಿನಲ್ಲಿ ಸಿಕ್ಕ ಆ ಕಡತವನ್ನು ತೆರೆದರೆ ಕಂಪ್ಯೂಟರ್ ಎಲ್ಲವನ್ನೂ ಹೇಳುತ್ತದೆ. ಷಟರ್ ವೇಗ 1/250 ಸೆಕೆಂಡು, ಅಪರ್ಚರ್ ಎಫ್ 5.6, ಕ್ಯಾಮೆರಾ ಯಾವುದು, ತಾರೀಖು ಯಾವುದು, ಗಂಟೆ ನಿಮಿಷ ಎಷ್ಟು. ಹೆಸರು ಮಾತ್ರ ಇಲ್ಲ. ನಮ್ಮ ಆಸ್ಪತ್ರೆಯ ಕೇಸ್ ಶೀಟಿನಲ್ಲಿ ಮೊದಲ ಸಾಲೇ ರೋಗಿಯ ಹೆಸರು. ಕ್ಯಾಮೆರಾದ ಕೇಸ್ ಶೀಟಿನಲ್ಲಿ ಇರುವುದೆಲ್ಲ ವೈದ್ಯನ ವಿವರ.

ಹಾಗಾದರೆ ಒಂದು ಚಿತ್ರ ಯಾರದು? ತೆಗೆದವನದೋ, ತೆಗೆಸಿಕೊಂಡವನದೋ?

ನಮ್ಮ ಭಾಷೆಯಲ್ಲೇ ಇದಕ್ಕೆ ಒಂದು ಸುಳಿವಿದೆ. ನಾನು ಚಿಕ್ಕವನಿದ್ದಾಗ ಯಾರೂ ಫೋಟೋ 'ತೆಗೆಯುತ್ತಿರಲಿಲ್ಲ', ಎಲ್ಲರೂ 'ತೆಗೆಸಿಕೊಳ್ಳುತ್ತಿದ್ದರು'. ಒಳ್ಳೆಯ ದಿನ ನೋಡಿ, ಇಸ್ತ್ರಿ ಬಟ್ಟೆ ಹಾಕಿಕೊಂಡು ಸ್ಟುಡಿಯೋಗೆ ಹೋಗಬೇಕು. ಅಲ್ಲಿ ಒಂದು ಕನ್ನಡಿ, ಹಲವರ ಕೂದಲು ಸಿಕ್ಕಿಕೊಂಡ ಬಾಚಣಿಗೆ, ಪೌಡರ್ ಡಬ್ಬಿ. ಹಿಂದೆ ಬಣ್ಣದಲ್ಲಿ ಬರೆದ ಉದ್ಯಾನದ ಪರದೆ. ಕೈಗಡಿಯಾರ ಇದ್ದವರು ಅದು ಕಾಣುವಂತೆ ಕೈ ಇಡುತ್ತಿದ್ದರು. ಛಾಯಾಗ್ರಾಹಕ ಕರಿಬಟ್ಟೆಯೊಳಗೆ ತಲೆ ತೂರಿಸುವ ಒಬ್ಬ ಕೆಲಸಗಾರ ಮಾತ್ರ, ಯಜಮಾನ ಕುರ್ಚಿಯಲ್ಲಿ ಕುಳಿತವನು. ವಾರ ಬಿಟ್ಟು ಹೋದರೆ ಪ್ರತಿ ಅವನ ಕೈಗೆ ಬರುತ್ತಿತ್ತು. ನಮ್ಮ ಅಜ್ಜಿ ಫೋಟೋ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆಂದು ಕೊನೆಯವರೆಗೂ ಕುರ್ಚಿಯಲ್ಲಿ ಕೂರಲಿಲ್ಲ. ಅವಳಿಗೆ 'ಬೇಡ' ಎನ್ನುವ ಅಧಿಕಾರವಿತ್ತು ಎನ್ನುವುದನ್ನು ಗಮನಿಸಿ.

ಆ ಅಧಿಕಾರವನ್ನು ಕಿತ್ತುಕೊಂಡದ್ದು ನನ್ನ ಪ್ರೀತಿಯ ಯಂತ್ರಗಳೇ. 1888ರಲ್ಲಿ ಜಾರ್ಜ್ ಈಸ್ಟ್‌ಮನ್ ನೂರು ಚಿತ್ರಗಳ ರೋಲು ತುಂಬಿದ, ಕೈಯಲ್ಲಿ ಹಿಡಿಯಬಹುದಾದ ಕೊಡಕ್ ಕ್ಯಾಮೆರಾ ಮಾರಾಟಕ್ಕೆ ತಂದ. ಎರಡೇ ವರ್ಷಕ್ಕೆ, 1890ರಲ್ಲಿ, ವಾರೆನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ಅಮೆರಿಕನ್ ವಕೀಲರು ಖಾಸಗಿತನದ ಹಕ್ಕಿನ ಬಗ್ಗೆ ತಮ್ಮ ಪ್ರಸಿದ್ಧ ಲೇಖನ ಬರೆದರು. ಕ್ಷಣದಲ್ಲಿ ತೆಗೆಯುವ ಫೋಟೋಗಳ ಕಾಟವೂ ಅವರ ದೂರುಗಳಲ್ಲೊಂದು. 1975ರಲ್ಲಿ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಮಾಡಿದ ಡಿಜಿಟಲ್ ಕ್ಯಾಮೆರಾ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ಇಂದು ನಮ್ಮ ಫೋನುಗಳಿಗೆ ರೆಪ್ಪೆ ಬಡಿಯುವಷ್ಟು ಹೊತ್ತೂ ಬೇಡ. ಮೂವತ್ತಾರು ಚಿತ್ರದ ರೋಲಿನ ಕಾಲದಲ್ಲಿ ಬೆರಳು ಒತ್ತುವ ಮೊದಲು ದುಡ್ಡಿನ ಯೋಚನೆಯಾದರೂ ಬರುತ್ತಿತ್ತು. ಅದೂ ಹೋಯಿತು.

ಇಲ್ಲಿ ನನ್ನ ಸ್ನೇಹಿತರೊಬ್ಬರು ಆಕ್ಷೇಪಿಸುತ್ತಾರೆ: "ಕೇಳಿ ತೆಗೆದರೆ ಎಲ್ಲರೂ ಕಂಬದ ಹಾಗೆ ನಿಂತು ಹಲ್ಲು ಕಿರಿಯುತ್ತಾರೆ. ಕೇಳದೆ ತೆಗೆದ ಚಿತ್ರಗಳೇ ಅಲ್ಲವೇ ಜಗತ್ತಿನ ಕಣ್ಣು ತೆರೆಸಿದ್ದು?" ಮಾತಿನಲ್ಲಿ ಸತ್ಯವಿದೆ, ತಳ್ಳಿಹಾಕುವಂತಿಲ್ಲ. 1936ರಲ್ಲಿ ಡೊರೊಥಿಯಾ ಲ್ಯಾಂಗ್ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಕೂಲಿಕಾರರ ಬಿಡಾರದಲ್ಲಿ ತೆಗೆದ 'ವಲಸಿಗ ತಾಯಿ' ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಆ ಚಿತ್ರಗಳು ಪತ್ರಿಕೆಯಲ್ಲಿ ಬಂದ ಮೇಲೆ ಸರ್ಕಾರ ಆ ಬಿಡಾರಕ್ಕೆ ಆಹಾರ ಕಳುಹಿಸಿತು. ಆದರೆ ಅಷ್ಟು ಹೊತ್ತಿಗೆ ಆ ತಾಯಿ ಮಕ್ಕಳನ್ನು ಕಟ್ಟಿಕೊಂಡು ಬೇರೆಡೆಗೆ ಹೋಗಿಯಾಗಿತ್ತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜಗತ್ತಿಗೆ ತಿಳಿದದ್ದು 1978ರಲ್ಲಿ. ಆಗ ಆಕೆ ಹೇಳಿಕೊಂಡ ದೂರು ಓದಿ ನಾನು ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಚಿತ್ರ ತೆಗೆದಾಕೆ ತನ್ನ ಹೆಸರು ಕೇಳಲಿಲ್ಲ, ಒಂದು ಪ್ರತಿ ಕಳುಹಿಸುತ್ತೇನೆಂದಳು, ಕಳುಹಿಸಲೇ ಇಲ್ಲ ಎಂಬುದು ಆಕೆಯ ಮಾತು.

ಇನ್ನೊಂದು ಉದಾಹರಣೆ, ಹಸಿರು ಕಣ್ಣಿನ ಆಫ್ಘನ್ ಹುಡುಗಿಯದು. 1984ರಲ್ಲಿ ಪೇಶಾವರದ ಬಳಿಯ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕ್‌ಕರಿ ತೆಗೆದ ಚಿತ್ರ 1985ರ ಜೂನ್ ತಿಂಗಳ ನ್ಯಾಷನಲ್ ಜಿಯಾಗ್ರಫಿಕ್ ಮುಖಪುಟವಾಯಿತು. ಶರ್ಬತ್ ಗುಲಾ ಎಂಬ ಹೆಸರು ಹೊರಜಗತ್ತಿಗೆ ಗೊತ್ತಾದದ್ದು 2002ರಲ್ಲಿ. ಅಷ್ಟು ವರ್ಷ ತನ್ನ ಆ ಚಿತ್ರವನ್ನು ಆಕೆಯೇ ನೋಡಿರಲಿಲ್ಲ. ಲೋಕಕ್ಕೆಲ್ಲ ಹಂಚಿಹೋದ ಮುಖ, ಮುಖದ ಒಡತಿಗೆ ಮಾತ್ರ ತಲುಪಿರಲಿಲ್ಲ.

ವೈದ್ಯನಾಗಿ ನನಗೆ ಈ ಪಾಠ ಬೇರೆ ಕಡೆ ಸಿಕ್ಕಿತ್ತು. ಎಂಬಿಬಿಎಸ್ ಓದುವಾಗ ವಾರ್ಡಿನಲ್ಲಿ ಅಪರೂಪದ ಕೇಸು ಬಂದರೆ ಸ್ಲೈಡ್ ತೆಗೆಯುವ ಕೆಲಸ ಕ್ಯಾಮೆರಾ ಹುಚ್ಚಿನ ನನ್ನ ಪಾಲಿಗೆ ಬರುತ್ತಿತ್ತು. "ಈ ಕಡೆ ತಿರುಗಮ್ಮಾ, ಕತ್ತು ಎತ್ತು" ಎಂದರೆ ಆಯಿತು. ಯಾಕೆ ಎಂದು ಅವರು ಕೇಳುತ್ತಿರಲಿಲ್ಲ, ನಾವು ಹೇಳುತ್ತಿರಲಿಲ್ಲ. ಕಣ್ಣಿನ ಮೇಲೆ ಕಪ್ಪು ಪಟ್ಟಿ ಅಂಟಿಸಿದರೆ ನಮ್ಮ ಧರ್ಮ ಮುಗಿಯಿತು. ಮುಂದೆ ರೆಸಿಡೆನ್ಸಿಗೆ ಅಮೆರಿಕಕ್ಕೆ ಹೋದಾಗ, ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ರೋಗಿಯ ಸಹಿ ಬೇಕು ಎಂದು ಹಿರಿಯರೊಬ್ಬರು ಒಂದು ಹಾಳೆ ಮುಂದಿಟ್ಟರು. ವೈದ್ಯಕೀಯ ಪತ್ರಿಕೆಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯೂ ಕಣ್ಣಿಗೆ ಪಟ್ಟಿ ಕಟ್ಟಿದರೆ ಸಾಲದು ಎನ್ನುತ್ತದೆ. ಅಂದಿನಿಂದ ಆಸ್ಪತ್ರೆಯೊಳಗೆ ನಾನು ಕೇಳದೆ ಒಂದು ಚಿತ್ರ ತೆಗೆದವನಲ್ಲ.

ಅದೇ ಮನುಷ್ಯ 2005ರಲ್ಲಿ ಕಾರ್ನಿಷ್ ಮೇಲೆ ಯಾಕೆ ಮರೆತ? ತುಂಬ ಯೋಚಿಸಿದೆ. ಉತ್ತರ ಹಿತವಾದದ್ದಲ್ಲ. ಅದೇ ಸಂಜೆ ಪಕ್ಕದ ಹುಲ್ಲಿನ ಮೇಲೆ ಒಂದು ಕತಾರಿ ಕುಟುಂಬ ಚಾಪೆ ಹಾಸಿ ಕುಳಿತಿತ್ತು. ಅವರ ಕಡೆ ಕ್ಯಾಮೆರಾ ತಿರುಗಿಸುವ ಯೋಚನೆಯೂ ನನಗೆ ಬರಲಿಲ್ಲ. ನಮ್ಮ ಆಸ್ಪತ್ರೆಯ ದೊಡ್ಡ ಸಾಹೇಬರು ಅಲ್ಲಿ ಕುಳಿತಿದ್ದರೂ ಬರುತ್ತಿರಲಿಲ್ಲ. ಅಂದರೆ ಕೇಳಬೇಕೆಂಬ ನಿಯಮ ನನಗೆ ಗೊತ್ತೇ ಇತ್ತು. 'ಯಾಕ್ರೀ ತೆಗೆದಿರಿ?' ಎಂದು ಕೇಳಬಲ್ಲವರಿಗೆ ಮಾತ್ರ ಅದನ್ನು ಮೀಸಲಿಟ್ಟಿದ್ದೆ. ನಮ್ಮ ನೀತಿಯ ನಿಜವಾದ ಅಳತೆ ಅಲ್ಲಿದೆ ಎಂದು ಈಗ ಅನ್ನಿಸುತ್ತದೆ. ತಿರುಗಿ ಕೇಳಬಲ್ಲವರ ಮುಂದೆ ನಾವು ಹೇಗಿರುತ್ತೇವೆ ಎಂಬುದು ಲೆಕ್ಕಕ್ಕಿಲ್ಲ.

ಕಾನೂನಿನ ಮಾತು ಬೇರೆ. ಈ ದೇಶದ ದಂಡಸಂಹಿತೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅಪಘಾತದಲ್ಲಿ ಗಾಯಗೊಂಡವರ, ಸತ್ತವರ ಚಿತ್ರ ಅನುಮತಿಯಿಲ್ಲದೆ ತೆಗೆಯುವುದು, ಹಂಚುವುದು ಜೈಲುಶಿಕ್ಷೆಯ ಅಪರಾಧ. ಇದನ್ನು ಎಲ್ಲರೂ ತಿಳಿದಿರಬೇಕು. ಆದರೆ ನಾನು ಹೇಳುತ್ತಿರುವುದು ಪೊಲೀಸರು ಬಾರದ ಜಾಗದ ಮಾತು. ನಮ್ಮ ಮನೆಯ ಕೆಲಸದಾಕೆಯನ್ನೇ ನೋಡಿ. ಹುಟ್ಟುಹಬ್ಬದಲ್ಲಿ ಎಲ್ಲರೂ ಸಾಲಾಗಿ ನಿಂತು ಫೋನನ್ನು ಆಕೆಯ ಕೈಗೆ ಕೊಡುತ್ತೇವೆ. ಆರು ವರ್ಷದ ನಮ್ಮ ಸಂತೋಷದ ಚಿತ್ರಗಳನ್ನೆಲ್ಲ ತೆಗೆದವಳು ಆಕೆ. ಒಂದರಲ್ಲೂ ಆಕೆ ಇಲ್ಲ. ಇದನ್ನು ನನಗೆ ತೋರಿಸಿಕೊಟ್ಟವಳು ನನ್ನ ಮಗಳು.

ಸೆಲ್ಫಿ ತೆಗೆದುಕೊಳ್ಳುವವರನ್ನು ಕಂಡರೆ ನಾನು ನಗುತ್ತಿದ್ದೆ. ಈಗ ಶುಕ್ರವಾರ ಸಂಜೆ ಕಾರ್ನಿಷ್‌ಗೆ ಹೋದರೆ ನಗು ಬರುವುದಿಲ್ಲ. ವಾರವೆಲ್ಲ ದುಡಿದ ಹುಡುಗರು ತೊಳೆದಿಟ್ಟ ಅಂಗಿ ಹಾಕಿ, ತಲೆ ಬಾಚಿ, ಕಪ್ಪು ಕನ್ನಡಕವೊಂದನ್ನು ನಾಲ್ಕು ಜನ ಸರದಿಯಲ್ಲಿ ಹಾಕಿಕೊಂಡು, ಎತ್ತರದ ಕಟ್ಟಡಗಳನ್ನು ಬೆನ್ನಿಗಿಟ್ಟುಕೊಂಡು ನಿಲ್ಲುತ್ತಾರೆ. ಅದು ನಮ್ಮ ಹಳೆಯ ಸ್ಟುಡಿಯೋದ ಪರದೆಯೇ. ಅವರಲ್ಲೊಬ್ಬನೂ ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂರುವುದಿಲ್ಲ. ತನ್ನ ತಾಯಿ ಯಾವ ಮುಖ ನೋಡಬೇಕೆಂದು ಅವನಿಗೆ ಗೊತ್ತು. ನನ್ನ 'ಶ್ರಮದ ಮುಖ' ಅವನ ಆಯ್ಕೆಯಾಗಿರಲಿಲ್ಲ. ಆದರೂ ಆ ಹುಡುಗ ಅದನ್ನೇ ಕೇಳಿದ, ಬೇರೆ ಚಿತ್ರ ಅವನ ಬಳಿ ಇರಲಿಲ್ಲವೆಂದು.

ಈ ಚಟವನ್ನು ನಾನು ಬಿಟ್ಟಿಲ್ಲ, ಬಿಡುವವನೂ ಅಲ್ಲ. ಮೂರು ಕಟ್ಟಳೆ ಹಾಕಿಕೊಂಡಿದ್ದೇನೆ: ಕೇಳುವುದು, ತೋರಿಸುವುದು, ಕೊಡುವುದು. ಸಹಜವಾದ ಕ್ಷಣ ತಪ್ಪಿಹೋಗುವಂತಿದ್ದರೆ ತೆಗೆದ ಕೂಡಲೇ ಹತ್ತಿರ ಹೋಗಿ ತೋರಿಸುತ್ತೇನೆ. ಬೇಡವೆಂದರೆ ಅವರ ಮುಂದೆಯೇ ಅಳಿಸುತ್ತೇನೆ. ಸರಿಯೆಂದರೆ ಹೆಸರು ಕೇಳಿ, ಅಲ್ಲೇ ಅವರ ಫೋನಿಗೆ ಕಳುಹಿಸಿ, ನನ್ನ ಕಡತಕ್ಕೆ ಆ ಹೆಸರನ್ನೇ ಇಡುತ್ತೇನೆ. ಯಂತ್ರದ ಹುಚ್ಚಿರುವವರಿಗೆ ಒಂದು ಸಂತೋಷದ ಸುದ್ದಿ: ಅಂಗೈಯಗಲದ ಪ್ರಿಂಟರೊಂದನ್ನು ಕೊಂಡಿದ್ದೇನೆ. ಅದಕ್ಕೆ ಮಸಿ ಬೇಡ, ಕಾಗದದೊಳಗೇ ಅಡಗಿರುವ ಬಣ್ಣದ ಹರಳುಗಳು ಶಾಖ ತಗುಲಿದಾಗ ಬಣ್ಣ ತಾಳುತ್ತವೆ. ನಿಮಿಷದಲ್ಲಿ ಚಿತ್ರ ಕೈಗೆ. ಶ್ರೀಮತಿಯ ಪ್ರಕಾರ ಮಾರ್ಚುರಿಗೆ ಮುಂದಿನ ಹೆಣ ಅದೇ.

ಅದಕ್ಕೆ ಮೊದಲು ಒಂದು ಸಲಹೆ. ಮುಂದಿನ ರಾಜ್ಯೋತ್ಸವದ ದಿನ ಸಭಾಂಗಣದ ಬಾಗಿಲಲ್ಲಿ ಒಂದು ಕುರ್ಚಿ, ಒಂದು ಕನ್ನಡಿ, ಹಿಂದೆ ಒಂದು ಪರದೆ ಇಡೋಣ. ಕಾವಲಿನವರು, ಅಡುಗೆಯವರು, ಚಾಲಕರು, ನಮ್ಮ ಮನೆಗಳ ಕೆಲಸದವರು ಬಂದು ಕುಳಿತು ಫೋಟೋ ತೆಗೆಸಿಕೊಳ್ಳಲಿ, ಪ್ರತಿಯನ್ನು ಕೈಯಲ್ಲೇ ಒಯ್ಯಲಿ. ಕ್ಯಾಮೆರಾ ಹಿಡಿಯುವ ಕೆಲಸ ನನ್ನದು, ಕಾಗದದ ಖರ್ಚೂ ನನ್ನದೇ. ಜೊತೆಗೆ ಬರುವ ಇಬ್ಬರು ಉತ್ಸಾಹಿಗಳು ಸಂಪಾದಕರಲ್ಲಿ ಹೆಸರು ಕೊಟ್ಟರೆ ಸಾಕು.

ಆ ಗುಲ್ಬರ್ಗದ ತಮ್ಮನ ಚಿತ್ರ ನನ್ನ ಮೇಜಿನ ಡ್ರಾಯರಿನಲ್ಲಿದೆ. ಪ್ರಿಂಟ್ ಹಾಕಿಸಿದ್ದೇನೆ. ಕೊಡುವುದಕ್ಕೆ ಅವನಿಲ್ಲ, ನನ್ನದೆಂದು ಇಟ್ಟುಕೊಳ್ಳುವುದಕ್ಕೆ ಮನಸ್ಸು ಬರುವುದಿಲ್ಲ.