ಕಡಲಪಾಚಿಯ ಗುಣ ಎಲ್ಲಿ ನೆಲೆಸಿದೆ?

ಗುಣವು ವಸ್ತುವಿನಲ್ಲೇ ನೆಲೆಸಿರುತ್ತದೆಯೇ, ಅಥವಾ ಕಾಲ ಮತ್ತು ಪರಿಸರಗಳ ಕೂಟದಿಂದ ಹುಟ್ಟುತ್ತದೆಯೇ ಎಂಬ ಪ್ರಶ್ನೆಯನ್ನು ಭಾರತೀಯ ದರ್ಶನಗಳು ಬಹುಕಾಲ ಚರ್ಚಿಸಿವೆ. ವೈಶೇಷಿಕರ ಪ್ರಕಾರ ಗುಣವು ದ್ರವ್ಯದಲ್ಲಿ ಸಮವಾಯವೆಂಬ ಬಿಡಿಸಲಾಗದ ಸಂಬಂಧದಿಂದ ಇರುತ್ತದೆ. ಆದರೂ ಹಸಿ ಮಡಕೆ ಬೆಂದು ಕೆಂಪಾಗುವುದನ್ನು ವಿವರಿಸಲು ಅವರು ಪಾಕಜಗುಣವನ್ನು, ಎಂದರೆ ಶಾಖದ ಸಂಯೋಗದಿಂದ ಹುಟ್ಟುವ ಗುಣವನ್ನು, ಒಪ್ಪಬೇಕಾಯಿತು. ಆ ಮಾರ್ಪಾಟು ಬಿಡಿಬಿಡಿಯಾದ ಪರಮಾಣುಗಳಲ್ಲಿ ನಡೆಯುತ್ತದೆಂದು ವೈಶೇಷಿಕರೂ, ಇಡೀ ಮಡಕೆಯಲ್ಲೇ ನಡೆಯುತ್ತದೆಂದು ನೈಯಾಯಿಕರೂ ವಾದಿಸಿದರು.

ಮಡಕೆಗೆ ಜೀವವಿಲ್ಲ. ಜೀವವಿರುವ ವಸ್ತುವಿನಲ್ಲಿ ಪ್ರಶ್ನೆ ಇನ್ನಷ್ಟು ತೊಡಕಾಗುತ್ತದೆಂಬುದಕ್ಕೆ ಮನ್ನಾರ್ ಕೊಲ್ಲಿಯಲ್ಲಿ ಬೆಳೆಯುವ ಗ್ರಾಸಿಲೇರಿಯಾ ಎಂಬ ಕೆಂಪು ಕಡಲಪಾಚಿ ಸಾಕ್ಷಿಯಾಗಿದೆ. ಅದರ ಕೋಶಭಿತ್ತಿಯಲ್ಲಿರುವ ಅಗರ್, ಅಡುಗೆಮನೆಯಲ್ಲಿ ಚೈನಾ ಗ್ರಾಸ್ ಎಂದು ಪರಿಚಿತವಾದ ಹೆಪ್ಪುಗಟ್ಟುವ ಪದಾರ್ಥ, ವರ್ಷವಿಡೀ ಒಂದೇ ಬಗೆಯದಾಗಿರುವುದಿಲ್ಲ. ನೀರಿನಲ್ಲಿ ಸಾರಜನಕ ಹೇರಳವಾಗಿರುವಾಗ ಪಾಚಿ ಬೇಗ ಬೆಳೆದು ಪ್ರೋಟೀನನ್ನು ಕಟ್ಟಿಕೊಳ್ಳುವುದರಿಂದ ಅಗರ್‌ನ ಪಾಲು ತಗ್ಗುತ್ತದೆ. ಸಾರಜನಕ ಕೊರತೆಯಾದಾಗ ಬೆಳವಣಿಗೆ ನಿಧಾನವಾಗಿ ಆ ಪಾಲು ಏರುತ್ತದೆ. ಹೀಗಾಗಿ ಪಾಚಿಯ ಸುಗ್ಗಿಯೂ ಅಗರ್‌ನ ಸುಗ್ಗಿಯೂ ಒಂದೇ ಕಾಲಕ್ಕೆ ಬರಬೇಕೆಂದಿಲ್ಲ. ಎಳೆಯ ಭಾಗದ ಅಗರ್‌ನಲ್ಲಿ ಸಲ್ಫೇಟ್ ಹೆಚ್ಚಾಗಿದ್ದು ಅದು ಸಡಿಲವಾಗಿ ಹೆಪ್ಪುಗಟ್ಟುತ್ತದೆ. ಭಾಗ ಬಲಿತಂತೆ ಕಿಣ್ವವೊಂದು ಸಲ್ಫೇಟನ್ನು ಕಳಚುವುದರಿಂದ ಹೆಪ್ಪು ಗಟ್ಟಿಯಾಗುತ್ತದೆ. ಕಾರ್ಖಾನೆಗಳಲ್ಲಿ ಪಾಚಿಯನ್ನು ಬಿಸಿಯಾದ ಕ್ಷಾರದಲ್ಲಿಟ್ಟು ಇದೇ ಮಾರ್ಪಾಟನ್ನು ಮಾಡಿಸುತ್ತಾರೆ. ಪಾಕಜಗುಣಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಆದರೆ ಕ್ಷಾರವು ಹೊರಗಿನದು, ಕಿಣ್ವವಾದರೋ ಪಾಚಿಯದೇ. ಆದ್ದರಿಂದ ಒಳಗು ಹೊರಗುಗಳ ಗಡಿಯನ್ನು ಕಟ್ಟುನಿಟ್ಟಾಗಿ ಎಳೆಯುವ ವೈಶೇಷಿಕ ನಿಲುವಿಗಿಂತ, ದ್ರವ್ಯವು ಉಳಿದುಕೊಂಡೇ ತನ್ನ ಪರ್ಯಾಯಗಳಲ್ಲಿ, ಎಂದರೆ ಒಂದಾದ ಮೇಲೊಂದು ಬರುವ ಅವಸ್ಥೆಗಳಲ್ಲಿ, ಹುಟ್ಟುತ್ತ ಅಳಿಯುತ್ತ ಸಾಗುತ್ತದೆಂಬ ಜೈನ ದರ್ಶನದ ನಿಲುವು ಇಲ್ಲಿ ಹೆಚ್ಚು ಹೊಂದುತ್ತದೆ. ಒಂದೇ ವಸ್ತುವನ್ನು ಹಲವು ನಯಗಳಿಂದ, ಅಂದರೆ ದೃಷ್ಟಿಕೋನಗಳಿಂದ, ನೋಡಬೇಕೆಂಬ ಆ ದರ್ಶನದ ಎಚ್ಚರಿಕೆಯೂ ಇಲ್ಲಿ ಬೇಕು. ಏಕೆಂದರೆ ಹೆಪ್ಪಿನ ಗಟ್ಟಿತನವನ್ನು ಉತ್ತಮ ಗುಣವೆಂದು ಕರೆಯುವುದು ಸಿಹಿತಿಂಡಿ ಮಾಡುವವರ ಮತ್ತು ಪ್ರಯೋಗಾಲಯದವರ ನಯವೇ ಹೊರತು ಪಾಚಿಯದಲ್ಲ. ಅಲೆಯ ಹೊಡೆತಕ್ಕೆ ಬಾಗಬೇಕಾದ ಎಳೆಯ ಕವಲಿಗೆ ಮೃದುತ್ವವೇ ಹಿತವಾಗಿರಬಹುದು.

ಮನುಷ್ಯನ ಪ್ರಯೋಜನವೂ ಗುಣದ ಅಳತೆಯೊಳಗೆ ಸೇರಿಕೊಂಡಿರುವಾಗ, ಅವನ ಸಂಯಮವೂ ಆ ಲೆಕ್ಕಕ್ಕೆ ಸೇರಲೇಬೇಕು. ರಾಮೇಶ್ವರ ಮತ್ತು ಮಂಡಪಂ ಸುತ್ತಲಿನ ಹಳ್ಳಿಗಳಲ್ಲಿ ಪಾಚಿ ಕಿತ್ತು ಬದುಕುವ ಮಹಿಳೆಯರು, ಅದು ಮತ್ತೆ ಚಿಗುರಲೆಂದು, ಬೇಸಿಗೆಯಲ್ಲಿ ಸುಮಾರು 45 ದಿನ ಸ್ವಇಚ್ಛೆಯಿಂದ ಸಮುದ್ರಕ್ಕಿಳಿಯದೆ ಉಳಿಯುತ್ತಾರೆ.