ಗೃಹಸ್ಥನ ಐದು ಸೂನೆಗಳು

ಧರ್ಮಶಾಸ್ತ್ರಗಳಲ್ಲಿ ಗೃಹಸ್ಥಾಶ್ರಮಕ್ಕೆ ಸಂದಿರುವ ಪ್ರಶಂಸೆ ಅಪಾರವಾದುದು. ಆದರೆ ಆ ಪ್ರಶಂಸೆಯ ನಡುವೆಯೇ ಮನುಸ್ಮೃತಿಯ ಮೂರನೆಯ ಅಧ್ಯಾಯವು ಗೃಹಸ್ಥನ ಮೇಲೆ ಹೊರಿಸುವ ಒಂದು ಆರೋಪವನ್ನು ನಾವು ಸಾಮಾನ್ಯವಾಗಿ ಓದಿಯೂ ಓದದವರಂತೆ ದಾಟಿಬಿಡುತ್ತೇವೆ. ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ, ಈ ಐದೂ ಮನೆಮನೆಯಲ್ಲಿರುವ ಸೂನೆಗಳು, ಎಂದರೆ ಪ್ರಾಣಿವಧೆಯ ಸ್ಥಾನಗಳು. ಇವನ್ನು ಬಳಸುವ ಗೃಹಸ್ಥನು ಆ ಬಳಕೆಯಿಂದಲೇ ಪಾಪಕ್ಕೆ ಕಟ್ಟುಬೀಳುತ್ತಾನೆ ಎಂಬುದು ಆ ಆರೋಪ. ಕಳ್ಳತನ ಮಾಡಿದವನಿಗೆ, ಸುಳ್ಳು ಹೇಳಿದವನಿಗೆ ಪಾಪವನ್ನು ವಿಧಿಸುವುದು ಸುಲಭ. ಅನ್ನ ಬೇಯಿಸಿದವನಿಗೂ ಅಂಗಳ ಗುಡಿಸಿದವನಿಗೂ ಅದನ್ನು ವಿಧಿಸಬೇಕಾದರೆ ವಿಧಿಸುವವನ ಮನಸ್ಸಿನಲ್ಲಿ ಬದುಕಿನ ಬಗ್ಗೆ ಬೇರೆಯೇ ಒಂದು ಆತಂಕವಿದ್ದಿರಬೇಕು.

ಆ ಆತಂಕ ಎಂಥದೆಂಬುದು ಮಲೆನಾಡಿನ ಮಳೆಗಾಲದ ಮನೆಯೊಳಗೆ ಕುಳಿತರೆ ಚೆನ್ನಾಗಿ ತಿಳಿಯುತ್ತದೆ. ಸಾಗರಕ್ಕೆ ಸಮೀಪದಲ್ಲಿ, ಅಘೋರೇಶ್ವರನ ಇಕ್ಕೇರಿಗೂ ಹತ್ತಿರದಲ್ಲಿ, ವರದಮೂಲವೆಂಬ ಪುಟ್ಟ ಊರಿದೆ. ವರದಾ ನದಿ ಅಲ್ಲಿಯ ತೀರ್ಥದಲ್ಲಿ ಹುಟ್ಟಿ, ಬನವಾಸಿಯನ್ನು ಬಳಸಿ, ಗಳಗನಾಥದ ಬಳಿ ತುಂಗಭದ್ರೆಯನ್ನು ಕೂಡಿಕೊಂಡು ಪೂರ್ವಸಮುದ್ರದ ದಾರಿ ಹಿಡಿಯುತ್ತದೆ. ಬಹಳ ದೂರವೇನೂ ಅಲ್ಲದ ತೀರ್ಥಹಳ್ಳಿ ಸೀಮೆಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯಾದರೋ ಹೊಸನಗರ ಸಾಗರಗಳನ್ನು ಹಾದು ಪಶ್ಚಿಮಕ್ಕೆ ಧುಮುಕುತ್ತದೆ. ಒಂದೇ ಮುಗಿಲಿನ ನೀರು ಎರಡು ಸಮುದ್ರಗಳಿಗೆ ಪಾಲಾಗುವ ಈ ನೆಲದಲ್ಲಿ ಮೃಗಶಿರೆ ಹಿಡಿದ ಮೇಲೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷೆಗಳು ಮುಗಿಯುವವರೆಗೆ ಏನೊಂದೂ ಒಣಗುವುದೆಂಬುದಿಲ್ಲ. ಹೊರಗಿನ ಜೀವಕ್ಕೆಲ್ಲ ಆಗ ಒಳಗೆ ಬರುವ ಆಸೆ. ಇರುವೆಗಳು ಮೊಟ್ಟೆಗಳನ್ನು ಹೊತ್ತುಕೊಂಡು ಕಂಬ ಹತ್ತುತ್ತವೆ. ಮಳೆಹುಳುಗಳು ದೀಪಕ್ಕೆ ಮುತ್ತುತ್ತವೆ. ತೋಟದಿಂದ ಬಂದವರ ಕಾಲಿಗೆ ಅಂಟಿಕೊಂಡು ಉಂಬಳಗಳು ಜಗಲಿಗೆ ಬರುತ್ತವೆ. ಬೇಸಗೆಯಲ್ಲಿ ಒಟ್ಟಿಟ್ಟ ಕಟ್ಟಿಗೆಯ ಸಂದುಗಳಲ್ಲಿ ಚೇಳು, ಜಿರಲೆ, ಹಲ್ಲಿಗಳು ಬಿಡಾರ ಹೂಡುತ್ತವೆ. ವೈಶಾಖದಲ್ಲಿ ಹೆಸರಿಗೆ ಮಾತ್ರ ಸೂನೆಗಳಾಗಿದ್ದ ಆ ಐದು ಸ್ಥಾನಗಳು ಆಷಾಢದಲ್ಲಿ ನಿಜವಾಗಿಯೂ ಸೂನೆಗಳಾಗುತ್ತವೆ.

ಆ ಕಡೆಯ ಒಂದು ಮನೆಯಲ್ಲಿ ವೃದ್ಧೆಯೊಬ್ಬರು ಒಲೆ ಹೊತ್ತಿಸುವುದನ್ನು ಹತ್ತಿರದಿಂದ ನೋಡಿದ್ದೇನೆ. ಕಟ್ಟಿಗೆಯ ಪ್ರತಿಯೊಂದು ಸೀಳನ್ನೂ ಒಲೆಗೆ ಒಡ್ಡುವ ಮುನ್ನ ಅವರು ನೆಲಕ್ಕೆ ಎರಡು ಸಲ ಕುಟ್ಟುತ್ತಿದ್ದರು, ತಿರುಗಿಸಿ ಮತ್ತೊಂದು ತುದಿಯನ್ನೂ ಕುಟ್ಟುತ್ತಿದ್ದರು. ಉದುರಿದ ಇರುವೆಗಳನ್ನು ಹಾಳೆಯ ಚೂರಿನಿಂದ ಬಳಿದು ಹಿತ್ತಿಲ ಬಾಗಿಲಿನ ಕಡೆಗೆ ಸರಿಸುತ್ತಿದ್ದರು. ಒದ್ದೆ ಕಟ್ಟಿಗೆಯ ಹೊಗೆಯಿಂದ ಕಣ್ಣು ಕೆಂಪಾಗಿತ್ತು. ಕಾಫಿಗೆ ಕಾದಿದ್ದವರ ಗೊಣಗಾಟ ಜಗಲಿಯಿಂದ ಕೇಳಿಸುತ್ತಿತ್ತು. ಇಷ್ಟೇಕೆ ಶ್ರಮವೆಂದು ಕೇಳಿದ್ದಕ್ಕೆ, “ಮಳೆಗಾಲದಾಗೆ ಅವಕ್ಕೂ ಒಂದು ಸೂರು ಬ್ಯಾಡ್ದಾ ತಮಾ” ಎಂದರು. ಎಂದವರೇ, ಕುಟ್ಟಿದರೂ ಉದುರದೆ ಸೀಳಿನೊಳಗೆ ಉಳಿದ ಇರುವೆಗಳ ಸಮೇತ ಅದನ್ನು ಬೆಂಕಿಗೆ ಒಡ್ಡಿದರು. ಅವರು ಒಲೆಯನ್ನು ಹೊತ್ತಿಸದೆ ಬಿಡಲಿಲ್ಲ, ಬಿಡುವುದು ಸಾಧ್ಯವೂ ಇರಲಿಲ್ಲ. ಆದರೆ ಕುಟ್ಟದೆಯೂ ಬಿಡಲಿಲ್ಲ. ನನ್ನ ಪ್ರಶ್ನೆಯಿರುವುದು ಇಲ್ಲಿ: ತಪ್ಪಿಸಲಾಗದ ಹಿಂಸೆಯ ಮುಂದೆ ಈ ಎರಡು ಸಲದ ಕುಟ್ಟುವಿಕೆಗೆ ಏನಾದರೂ ಬೆಲೆಯುಂಟೆ?

ಇದೇ ಮಳೆಗಾಲದಲ್ಲಿ ಸಂನ್ಯಾಸಿಯು ಕಂಡುಕೊಂಡಿರುವ ಪರಿಹಾರ ಬೇರೆ. ನೆಲದ ಮೇಲೆ ಹರಿದಾಡುವ ಕ್ರಿಮಿಕೀಟಗಳು ಕಾಲಡಿಗೆ ಸಿಕ್ಕಾವೆಂಬ ಭಯದಿಂದ ಪರಿವ್ರಾಜಕನು ಸಂಚಾರವನ್ನು ನಿಲ್ಲಿಸಿ ಒಂದೆಡೆಯಲ್ಲಿ ನೆಲೆಸುವುದೇ ಚಾತುರ್ಮಾಸ್ಯ. ಹೊಸನಗರ ಸೀಮೆಗೆ ಈ ವ್ರತದ ಪರಿಚಯ ಎರಡು ಮಾರ್ಗಗಳಿಂದ ಬಂದಿದೆ: ರಾಮಚಂದ್ರಾಪುರ ಮಠದ ಅದ್ವೈತಪರಂಪರೆಯಲ್ಲಿ ಪಕ್ಷವನ್ನೇ ಮಾಸವೆಂದೆಣಿಸಿ ಆಷಾಢದ ಹುಣ್ಣಿಮೆಯಿಂದ ಭಾದ್ರಪದದ ಹುಣ್ಣಿಮೆಯವರೆಗೆ ಯತಿಗಳು ಇದನ್ನು ಆಚರಿಸಿದರೆ, ಪದ್ಮಾವತಿಯ ಕ್ಷೇತ್ರವಾದ ಹುಂಚದ ಜೈನಪರಂಪರೆಯಲ್ಲಿ ಮುನಿಗಳ ವರ್ಷಾಯೋಗವು ಕಾರ್ತಿಕದವರೆಗೂ ಸಾಗುತ್ತದೆ. ವ್ರತ ಉದಾತ್ತವಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ನಡೆಯದೆ ನಿಂತ ಆ ಯತಿಗೂ ಮಧ್ಯಾಹ್ನವಾದೊಡನೆ ಹಸಿವಾಗುತ್ತದೆ. ಆ ಹಸಿವಿಗೆ ಬರುವ ಭಿಕ್ಷೆ ಯಾವುದೋ ಒಲೆಯ ಮೇಲೆ ಬೆಂದದ್ದು, ಯಾವುದೋ ಕೊಡದಿಂದ ಮೊಗೆದ ನೀರಿನಲ್ಲಿ ತೊಳೆದದ್ದು. ಅವನ ಅಹಿಂಸೆಯು ಗೃಹಿಣಿಯ ಹಿಂಸೆಯ ಮೇಲೆ ನಿಂತಿದೆ. ಇದು ಕೊಂಕಿನ ಮಾತಲ್ಲ; ಉಳಿದ ಮೂರು ಆಶ್ರಮಗಳನ್ನೂ ಅನ್ನದಿಂದ ಹೊತ್ತಿರುವವನು ಗೃಹಸ್ಥನಾದ್ದರಿಂದಲೇ ಅವನ ಆಶ್ರಮ ಹಿರಿದೆಂದು ಸ್ಮೃತಿಯೇ ಹೇಳುತ್ತದೆ. ಹಾಗಾದರೆ ಗೃಹಸ್ಥನ ಹಿರಿಮೆ ಅವನ ಪುಣ್ಯದಲ್ಲಿಲ್ಲ, ಇತರರ ಪಾಲಿನ ಪಾಪವನ್ನೂ ತಾನೇ ಮಾಡಲು ಒಪ್ಪಿಕೊಂಡಿರುವುದರಲ್ಲಿದೆ ಎಂದಾಗುವುದಿಲ್ಲವೆ?

ಈ ಪಾಪಕ್ಕೆ ಸ್ಮೃತಿಯು ವಿಧಿಸಿದ ನಿಷ್ಕೃತಿ ಪಂಚಮಹಾಯಜ್ಞಗಳು: ಅಧ್ಯಯನ ಅಧ್ಯಾಪನಗಳು, ಪಿತೃತರ್ಪಣ, ಹೋಮ, ಭೂತಬಲಿ, ಅತಿಥಿಸತ್ಕಾರ. ಐದು ಪಾಪಕ್ಕೆ ಐದು ಪ್ರಾಯಶ್ಚಿತ್ತವೆಂಬ ಈ ಲೆಕ್ಕ ಮೊದಲ ನೋಟಕ್ಕೆ ವ್ಯಾಪಾರದಂತೆ ತೋರುವುದುಂಟು, ನನಗೂ ಬಹುಕಾಲ ಹಾಗೆಯೇ ತೋರಿತ್ತು. ಆದರೆ ಭೂತಬಲಿಯ, ಎಂದರೆ ಬಲಿಹರಣದ, ವಿವರವನ್ನು ಗಮನಿಸಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಒಂದು ತುತ್ತನ್ನು ಬಾಗಿಲಲ್ಲಿ ಮರುತ್ತುಗಳಿಗಾಗಿಯೂ, ಒಂದನ್ನು ನೀರಿನ ಎಡೆಯಲ್ಲಿ ಜಲದೇವತೆಗಳಿಗಾಗಿಯೂ, ಒಂದನ್ನು ಒರಳು ಒನಕೆಗಳ ಬಳಿಯಲ್ಲಿ ವನಸ್ಪತಿಗಳಿಗಾಗಿಯೂ ಇಡಬೇಕೆಂಬುದು ವಿಧಿ. ಯಾವ ಒರಳಿನಲ್ಲಿ ಜೀವ ಜಜ್ಜಿಹೋಯಿತೋ ಆ ಒರಳಿನ ಬಳಿಯಲ್ಲೇ ಅನ್ನವನ್ನಿಡಬೇಕು. ದೇವರ ಕೋಣೆಗೆ ಹೋಗಿ ಕೈಮುಗಿದು ಬಂದರೆ ಸಾಲದು. ಅದೂ ನಿತ್ಯವೂ ನಡೆಯತಕ್ಕದ್ದು. ಪ್ರಾಯಶ್ಚಿತ್ತವು ಪಾಪವನ್ನು ತೊಳೆಯುವಂಥದಾದರೆ ತೊಳೆದು ಮುಗಿಯುವ ಒಂದು ದಿನ ಬರಬೇಕಾಗಿತ್ತು. ಈ ವಿಧಿಯಲ್ಲಿ ಅಂಥ ದಿನಕ್ಕೆ ಎಡೆಯೇ ಇಲ್ಲ. ಆದುದರಿಂದ ಇದನ್ನು ಋಣ ತೀರಿಸುವ ಉಪಾಯವೆನ್ನುವುದಕ್ಕಿಂತ ಋಣವನ್ನು ಮರೆಯದಿರುವ ಉಪಾಯವೆನ್ನುವುದು ಸರಿಯೆಂದು ನನಗೆ ಕಾಣುತ್ತದೆ. ನಾಯಿ, ಕಾಗೆ, ಕ್ರಿಮಿಗಳಿಗೆ ಅನ್ನವನ್ನು ಎಸೆಯದೆ ಮೆಲ್ಲನೆ ನೆಲದ ಮೇಲಿಡಬೇಕೆಂದು ಹೇಳುವಷ್ಟು ಸೂಕ್ಷ್ಮತೆ ಆ ಸ್ಮೃತಿಕಾರನಿಗಿತ್ತು; ಅದೇ ಪಟ್ಟಿಯಲ್ಲಿ ನಾಯಿ ಕಾಗೆಗಳ ಸಾಲಿಗೆ ತಾನು ಕೀಳೆಂದೆಣಿಸಿದ ಮನುಷ್ಯರನ್ನೂ ಸೇರಿಸುವಷ್ಟು ಕುರುಡೂ ಇತ್ತು. ಎರಡನ್ನೂ ಒಟ್ಟಿಗೆ ನೋಡದೆ ಅವನನ್ನು ಓದುವುದು ಪ್ರಾಮಾಣಿಕವಾಗದು.

ಇನ್ನೊಂದು ಕುರುಡೂ ಉಂಟು. ಒಲೆ, ಕಲ್ಲು, ಪೊರಕೆ, ಒರಳು, ಕೊಡ ಇವು ಯಾರ ಕೈಯಲ್ಲಿರತಕ್ಕವು? ಪಾಪವನ್ನು ಗೃಹಸ್ಥನ ಹೆಸರಿಗೆ ಬರೆದು ಪ್ರಾಯಶ್ಚಿತ್ತವನ್ನೂ ಅವನ ಮಂತ್ರಕ್ಕೆ ಒಪ್ಪಿಸಿರುವ ಶಾಸ್ತ್ರವು, ಸಾಯಂಕಾಲದ ಬಲಿಯನ್ನು ಮಾತ್ರ ಹೆಂಡತಿ ಮಂತ್ರವಿಲ್ಲದೆ ಇಡಲಿ ಎಂದು ಹೇಳಿ ಸುಮ್ಮನಾಗುತ್ತದೆ. ಕಟ್ಟಿಗೆಯನ್ನು ಕುಟ್ಟುತ್ತಿದ್ದ ಆ ವೃದ್ಧೆಗೆ ಮಂತ್ರವನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅವರ ಬಲಿಹರಣ ಆ ಕುಟ್ಟುವಿಕೆಯೇ ಆಗಿತ್ತೆಂದು ನಾನು ತಿಳಿದಿದ್ದೇನೆ.

ಮಂತ್ರದ ಹಂಗಿಲ್ಲದೆ ಇದೇ ಪ್ರಶ್ನೆಯನ್ನು ಎದುರಿಸಿದವರು ಈ ಸೀಮೆಯ ದೀವರು. ಮಳೆ ಹಿಂದೆಗೆದು ಬತ್ತದ ಪೈರು ಹೊಡೆಯಾಗುವ ಹೊತ್ತಿಗೆ, ಆಶ್ವಯುಜ ಮಾಸದಲ್ಲಿ, ಅವರ ಮನೆಗಳಲ್ಲಿ ಭೂಮಿ ಹುಣ್ಣಿಮೆ ಬರುತ್ತದೆ. ಭೂಮಿಯೀಗ ಬಸುರಿ, ಬಸುರಿಗೆ ಬಯಕೆಯ ಊಟವನ್ನು ಕೊಡಬೇಕು. ಹಬ್ಬಕ್ಕೆ ಹಲವು ದಿನ ಮುಂಚಿತವಾಗಿಯೇ ಹೆಂಗಸರು ಬಿದಿರಿನ ಬುಟ್ಟಿಗೆ ಕೆಮ್ಮಣ್ಣನ್ನು ಬಳಿದು ಒಣಗಿಸಿ, ಅಕ್ಕಿಯನ್ನು ಅರೆದು ಮಾಡಿದ ಬಿಳಿಯ ಬಣ್ಣದಲ್ಲಿ ಪುಂಡಿನಾರನ್ನದ್ದಿ, ಎಳೆ ತಪ್ಪದಂತೆ ಚಿತ್ತಾರ ಬರೆಯುತ್ತಾರೆ. ಇದೇ ಭೂಮಣ್ಣಿ ಬುಟ್ಟಿ. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಒಲೆ ಆರುವುದಿಲ್ಲ: ಬಗೆಬಗೆಯ ಸೊಪ್ಪು, ತರಕಾರಿಗಳನ್ನು ಬೆರೆಸಿ ಬೇಯಿಸುತ್ತಾರೆ, ಕಡುಬನ್ನು ಮಾಡುತ್ತಾರೆ. ಬೆಳಕು ಹರಿಯುವ ಮುನ್ನ ಗಂಡಸರು ಬುಟ್ಟಿಯನ್ನು ಹೊತ್ತು ಗದ್ದೆಗೆ ನಡೆದು, ಭೂತಾಯಿ ಉಣ್ಣಲೆಂದು ಕೂಗುತ್ತ ಬೇಯಿಸಿದ್ದನ್ನು ಪೈರಿನ ಮೇಲೆ ಬೀರುತ್ತಾರೆ. ಆಮೇಲೆ ಪೂಜೆ, ಕಾಗೆಗೆ ಒಂದು ಎಡೆ, ಇಲಿಗೆ ಒಂದು ಎಡೆ, ಕಡುಬನ್ನು ಗದ್ದೆಯ ಮಣ್ಣಿನಲ್ಲಿ ಹೂಳುವ ಪದ್ಧತಿಯೂ ಉಂಟು. ಮನೆಮಂದಿಯ ಊಟ ಕೊನೆಗೆ, ಅದೇ ಗದ್ದೆಯ ಬದುವಿನ ಮೇಲೆ.

ಇಲಿಗೆ ಎಡೆಯಿಡುವುದರ ಅರ್ಥವನ್ನು ಕೊಂಚ ಯೋಚಿಸಬೇಕು. ಇನ್ನು ಕೆಲವೇ ವಾರಗಳಲ್ಲಿ ಇದೇ ಇಲಿಯನ್ನು ಇದೇ ಮನೆಯವರು ಕಣದಿಂದ ಓಡಿಸುತ್ತಾರೆ, ಬಿಲವನ್ನು ಅಗೆದು ಅದು ಕೂಡಿಟ್ಟ ತೆನೆಯನ್ನು ಹೊರತೆಗೆಯುವುದೂ ಉಂಟು. ಹುಣ್ಣಿಮೆಯ ಎಡೆ ಆ ವೈರವನ್ನು ಇಲ್ಲವಾಗಿಸುವುದಿಲ್ಲ. ವೈರಿಗೂ ಹಸಿವುಂಟೆಂಬುದನ್ನು ವರ್ಷಕ್ಕೊಮ್ಮೆ ಒಪ್ಪಿಕೊಳ್ಳುತ್ತದೆ. ಸ್ಮೃತಿಯ ಭೂತಬಲಿಯಲ್ಲಿ ಪಾಪದ ಅಂಜಿಕೆ ಮುಂದಾಗಿದ್ದರೆ ಇಲ್ಲಿ ಉಣಿಸುವ ಸಂತೋಷ ಮುಂದಾಗಿದೆ. ನನಗೆ ಎರಡನೆಯದೇ ಹೆಚ್ಚು ಆರೋಗ್ಯಕರವೆನ್ನಿಸುತ್ತದೆ. ಉತ್ತಿದ್ದಾಯಿತು, ಕೊಚ್ಚಿದ್ದಾಯಿತು, ಎರೆಹುಳುವೆಷ್ಟು ತುಂಡಾಯಿತೋ ಲೆಕ್ಕವಿಲ್ಲ. ಈಗ ಉಣ್ಣು ತಾಯಿ ಎನ್ನುವವನು ಕ್ಷಮೆಯನ್ನು ಕೇಳುವವನಲ್ಲ, ಬಂಧುತ್ವವನ್ನು ಕಾಯ್ದುಕೊಳ್ಳುವವನು.

ಆದರೆ ಹೇಮಂತದಲ್ಲಿ ಕಣ ತುಂಬಿದಾಗ ಮತ್ತೊಂದು ಸೂನೆ ಕಾಣಿಸಿಕೊಳ್ಳುತ್ತದೆ. ಅದು ಮನುವಿನ ಪಟ್ಟಿಯಲ್ಲಿಲ್ಲ. ಭೂಮಿಗೆ ಬಯಕೆಯನ್ನು ಬಡಿಸಿದ ಗೇಣಿದಾರನ ಮನೆಯಿಂದ ಒಡೆಯನ ಮನೆಗೆ ಬತ್ತವನ್ನು ಅಳೆಯುವ ಕೊಳಗ ಅದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ದೀವರ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳ್ತನದಲ್ಲಿ ಎದ್ದು ನಿಂತದ್ದು ಆ ಕೊಳಗದ ಗಾತ್ರವನ್ನು ಪ್ರಶ್ನಿಸಿಯೇ. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದದ್ದರಿಂದ ಆ ಪುಟ್ಟ ಊರಿನ ಹೆಸರು ದೇಶಕ್ಕೆಲ್ಲ ತಿಳಿಯಿತು. ಒಲೆಯಲ್ಲಿ ಸತ್ತ ಇರುವೆಗಾಗಿ ನಿತ್ಯ ಬಲಿಯನ್ನಿಟ್ಟ ಮನೆಗಳು ತಮ್ಮ ಕಣಜವನ್ನು ತುಂಬಿದ ಅಳತೆಯ ಬಳಿ ಒಂದು ತುತ್ತನ್ನಾದರೂ ಇಟ್ಟವೆ? ಮನೆಯೊಳಗಿನ ಸೂನೆಗಳನ್ನು ಐದಕ್ಕೆ ಮುಗಿಸಿದ್ದರಿಂದ ಆರನೆಯದನ್ನು ನೋಡದಿರುವುದಕ್ಕೆ ಒಂದು ಅನುಕೂಲವಾಯಿತೆಂದೇ ಹೇಳಬೇಕಾಗಿದೆ.

ವಸಂತದ ಅಪ್ಪೆಮಿಡಿ, ಮಳೆಗಾಲದ ಕಳಲೆ ಇವುಗಳ ಮಾತನ್ನು ವಿಸ್ತರಿಸಲಾರೆ. ಒಂದು ಮಾವಿನ ಶಿಶು, ಇನ್ನೊಂದು ಬಿದಿರಿನ ಶಿಶು, ಎರಡೂ ಮಲೆನಾಡಿನ ನಾಲಗೆಗೆ ಅಮೃತ, ನನ್ನ ನಾಲಗೆಯೂ ಇದಕ್ಕೆ ಹೊರತಲ್ಲ. ತೋಟದ ಮಾತೂ ಹೀಗೆಯೇ. ಅಡಿಕೆಯ ಕೊಳೆರೋಗವನ್ನು ತಡೆಯಲು ಹಿಂದೆ ಕೊನೆಗಳಿಗೆ ಕೊಟ್ಟೆಯೆಂಬ ಹೊದಿಕೆಯನ್ನು ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಕೆನಡಾ ದೇಶದ ಕೋಲ್ಮನ್ ಅವರು 1910ರ ಹೊತ್ತಿಗೆ ಈ ರೋಗವನ್ನು ಅಭ್ಯಸಿಸಿ ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ರೂಢಿಗೆ ತಂದ ಮೇಲೆ ತೋಟಗಳು ಉಳಿದವು. ಮದ್ದು ಹೊಡೆಯದಿದ್ದರೆ ಬೆಳೆಯಿಲ್ಲ, ಬೆಳೆಯಿಲ್ಲದಿದ್ದರೆ ಮನೆಯಿಲ್ಲ. ಇದನ್ನು ಪಾಪವೆನ್ನಲು ನನಗೆ ಬಾಯಿ ಬರುವುದಿಲ್ಲ. ಕೇವಲ ಲೆಕ್ಕಾಚಾರವೆಂದು ಕೈತೊಳೆದುಕೊಳ್ಳಲೂ ಮನಸ್ಸೊಪ್ಪುವುದಿಲ್ಲ.

ಈಗ ವರದಮೂಲದ ಸುತ್ತಿನ ಮನೆಗಳಲ್ಲೂ ಗ್ಯಾಸ್ ಒಲೆಯಿದೆ, ಮಿಕ್ಸಿಯಿದೆ, ಬಾವಿಗೆ ಪಂಪು ಬಂದಿದೆ. ಇರುವೆಗಳು ಬದುಕಿದವು, ಹೆಂಗಸರ ಕಣ್ಣುಗಳು ಬದುಕಿದವು. ಎರಡೂ ಒಳ್ಳೆಯದೇ ಆಯಿತು. ಆದರೆ ಸೂನೆಗಳು ಮನೆಯನ್ನು ಬಿಟ್ಟುಹೋದವೆಂದ ಮಾತ್ರಕ್ಕೆ ಲೋಕವನ್ನು ಬಿಟ್ಟುಹೋಗಲಿಲ್ಲ. ವಿದ್ಯುತ್ತಿಗಾಗಿ ಶರಾವತಿಗೆ ಅಡ್ಡಲಾಗಿ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ, ಇದೇ ಸಾಗರ ಹೊಸನಗರ ಸೀಮೆಗಳ ಊರುಗಳು, ಒಲೆ ಒರಳುಗಳ ಸಮೇತ, ಹಿನ್ನೀರಿನಲ್ಲಿ ಮುಳುಗಿದವು. ಆ ಮನೆಗಳವರು ಎತ್ತಿನ ಗಾಡಿ ಲಾರಿಗಳಲ್ಲಿ ಸಾಮಾನು ಹೇರಿಕೊಂಡು ಕಾಣದ ಊರುಗಳಿಗೆ ಹೋದರು. ಗುಂಡಿಯನ್ನೊತ್ತಿ ಮಿಕ್ಸಿಯನ್ನು ತಿರುಗಿಸುವ ಬೆಂಗಳೂರಿನ ಗೃಹಸ್ಥನ ಬೀಸುವ ಕಲ್ಲು ಇರುವುದು ಅಲ್ಲಿ. ಅವನು ತುತ್ತನ್ನು ಎಲ್ಲಿ ಇಡಬೇಕು? ಕಣ್ಣಿಗೆ ಬಿದ್ದ ಹಿಂಸೆಗೆ ಸಲ್ಲುವ ವಿಧಿಯನ್ನು ಪೂರ್ವಿಕರು ಮಾಡಿಟ್ಟುಹೋದರು. ಕಣ್ಣಿಗೆ ಬೀಳದ ಹಿಂಸೆಗೆ ಸಲ್ಲುವ ವಿಧಿಯನ್ನು ನಾವಿನ್ನೂ ಮಾಡಿಕೊಂಡಿಲ್ಲ.

ತಪ್ಪಿಸಲಾಗದ ಹಿಂಸೆಯ ಈ ಪ್ರಶ್ನೆಯನ್ನೇ ಎತ್ತುವ, ಮಹಾಭಾರತದ ವನಪರ್ವದಲ್ಲಿ ಬರುವ ಕೌಶಿಕನ ಕಥೆ ಎಲ್ಲರಿಗೂ ಗೊತ್ತಿರುವುದೇ. ಕೋಪದ ನೋಟದಿಂದ ಹಕ್ಕಿಯನ್ನು ಸುಟ್ಟ ಆ ತಪಸ್ವಿಯನ್ನು ಒಬ್ಬ ಗೃಹಿಣಿ, ಗಂಡನ ಉಪಚಾರ ಮುಗಿಯುವವರೆಗೆ ಭಿಕ್ಷೆಗೆ ಕಾಯಿಸಿ, ಧರ್ಮವನ್ನು ತಿಳಿಯಬೇಕಾದರೆ ಮಿಥಿಲೆಯ ವ್ಯಾಧನ ಬಳಿಗೆ ಹೋಗೆಂದು ಕಳುಹಿಸುತ್ತಾಳೆ. ಮಾಂಸ ಮಾರುವ ಆ ವ್ಯಾಧನು ತನ್ನ ವೃತ್ತಿ ಘೋರವೆಂದೇ ಒಪ್ಪುತ್ತಾನೆ. ಆದರೆ ನೇಗಿಲು ಉತ್ತಲ್ಲಿ ಜೀವಗಳು ಸಾಯುತ್ತವೆ, ಬತ್ತದ ಕಾಳುಗಳೂ ಜೀವಗಳೇ, ನಡೆಯುವವನ ಕಾಲಡಿಯಲ್ಲೂ ಜೀವಗಳುಂಟು, ಹಿಂಸಿಸದವನು ಯಾವನೂ ಇಲ್ಲವೆಂದು ತೋರಿಸಿಕೊಡುತ್ತಾನೆ. ಇಷ್ಟನ್ನು ಕೇಳಿದ ಮೇಲೆ ಕೌಶಿಕನು ಎಲ್ಲವನ್ನೂ ತೊರೆದು ಇನ್ನಷ್ಟು ದಟ್ಟವಾದ ಕಾಡನ್ನು ಹೊಕ್ಕನೆಂದು ಕಥೆ ಮುಗಿದಿದ್ದರೆ ಆಶ್ಚರ್ಯವೇನೂ ಇರುತ್ತಿರಲಿಲ್ಲ. ವ್ಯಾಧನು ಅವನಿಗೆ ಹೇಳಿದ್ದು ಅದಲ್ಲ. ನೀನು ಹೇಳದೆ ಬಿಟ್ಟುಬಂದದ್ದರಿಂದ ನಿನ್ನ ತಂದೆತಾಯಿಗಳು ಶೋಕದಿಂದ ಕಣ್ಣು ಕಳೆದುಕೊಂಡಿದ್ದಾರೆ, ಹೋಗಿ ಅವರನ್ನು ನೋಡಿಕೋ ಎಂದ. ಕೌಶಿಕನು ಅದರಂತೆಯೇ ಮನೆಗೆ ಹೋದನು.