*ಇಂದಿನ ಚಿಂತನೆ: ಮುಟ್ಟದಿದ್ದರೂ ಖಾಲಿಯಾಗುವ ಬ್ಯಾಟರಿ*




ನಮ್ಮ ಅರಬೈಲ್ ಕಡೆ ಮಳೆಗಾಲದಲ್ಲಿ ಬ್ಯಾಟರಿಯ ಬೆಲೆಯೇ ಬೇರೆ. ಮರ ಬಿದ್ದು ತಂತಿ ಹರಿದರೆ ಕರೆಂಟು ಯಾವಾಗ ಬಂದೀತು ಎಂದು ಹೇಳಲಾಗದು. 2021ರ ಜುಲೈ ಮಳೆಗೆ ಘಟ್ಟದಲ್ಲಿ ಗುಡ್ಡ ಕುಸಿದು ಯಲ್ಲಾಪುರ–ಅಂಕೋಲಾ ಹೆದ್ದಾರಿಯೇ ಬಂದಾಗಿತ್ತು. ಅಂಥ ರಾತ್ರಿ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ಲದಾದರೆ ಫೋನಿನಲ್ಲಿ ಉಳಿದ ಚಾರ್ಜೇ ಆಸರೆ. ನೋಡಿದರೆ ಅದು ಖಾಲಿ. "ನಾನು ಮುಟ್ಟಲೇ ಇಲ್ಲವಲ್ಲ, ಎಲ್ಲಿ ಹೋಯಿತು?" ಎನ್ನುತ್ತೇವೆ.

ಮುಟ್ಟದಿದ್ದರೂ ಫೋನು ಸುಮ್ಮನಿರುವುದಿಲ್ಲ. ಒಂದು ಆ್ಯಪ್ ನಾವು ಎಲ್ಲಿದ್ದೇವೆಂದು ನೋಡುತ್ತಿರುತ್ತದೆ. ಇನ್ನೊಂದು ಹೊಸ ಸುದ್ದಿ ಬಂತೇ ಎಂದು ವಿಚಾರಿಸುತ್ತಿರುತ್ತದೆ. ಕಾಡಿನ ತಗ್ಗಿನಲ್ಲಿ ಸಿಗ್ನಲ್ ಕಡಿಮೆಯಾದಷ್ಟೂ ಫೋನು ದೂರದ ಟವರಿಗೆ ಜೋರಾಗಿ ಕೂಗಬೇಕು, ಅದಕ್ಕೆ ಹೆಚ್ಚು ಶಕ್ತಿ ಬೇಕು. ಪರದೆ ಕಪ್ಪಗಿರುತ್ತದೆ, ಒಳಗೆ ಸಂತೆ ನಡೆದಿರುತ್ತದೆ.

ಮನಸ್ಸಿನ ಕತೆಯೂ ಇದೇ. ಸಂಜೆ ಮನೆಗೆ ಬಂದಾಗ ಮಗು ಪುಸ್ತಕ ಹಿಡಿದು ಎದುರು ನಿಲ್ಲುತ್ತದೆ. ನಮ್ಮಲ್ಲಿ ತ್ರಾಣವಿಲ್ಲ, ಗದರುತ್ತೇವೆ. ಅಂದು ಭಾರೀ ಕೆಲಸವೇನೂ ಇರಲಿಲ್ಲ. ಆದರೆ ಎಂದಿನದೋ ಅವಮಾನ, ದಾಯಾದಿಯ ಜೊತೆಗಿನ ಗಡಿ ತಕರಾರು, ಯಾರೋ ಓದಿಯೂ ಉತ್ತರಿಸದ ಮೆಸೇಜು ಇಡೀ ದಿನ ಒಳಗೆ ಓಡುತ್ತಿದ್ದವು. ಖರ್ಚು ಮಾಡಿದ್ದು ಅವು, ಬೆಲೆ ತೆತ್ತದ್ದು ಮಗು.

ಇದಕ್ಕೆ ಹೊಣೆ ಯಾರು? ಧಮ್ಮದಲ್ಲಿ ಕರ್ಮದ ತಿರುಳು ಚೇತನಾ, ಅಂದರೆ ಸಂಕಲ್ಪ. ಹಾಗಾದರೆ ನಾನು ಸಂಕಲ್ಪಿಸದೆ ನನ್ನೊಳಗೆ ಓಡುವುದು ನನ್ನ ಕರ್ಮವೇ?

ಯೋಚಿಸೋಣ. ಎಂದೋ ಒಂದು ದಿನ ಓದದೆ ಬಟನ್ ಒತ್ತಿ ಆ್ಯಪ್‌ಗೆ ಅನುಮತಿ ಕೊಟ್ಟವರು ನಾವೇ. ಸಿಟ್ಟೂ ಹಾಗೆಯೇ. ಮೊದಲ ಸಲ ಮೆಲುಕು ಹಾಕುವಾಗ ಅದು ನಮ್ಮ ಸಂಕಲ್ಪ. ಹಾಕುತ್ತಾ ಹೋದಂತೆ ಅದು ತಾನಾಗಿಯೇ ಓಡಲು ಕಲಿಯುತ್ತದೆ. ಮಲಗಿದಂತೆ ಕಂಡು, ಸಂದರ್ಭ ಸಿಕ್ಕೊಡನೆ ಏಳುವ ಇಂಥ ಒಳಒಲವಿಗೆ ಪಾಲಿಯಲ್ಲಿ 'ಅನುಸಯ' ಎಂಬ ಹೆಸರಿದೆ.

ಕೆಲವು ಆ್ಯಪ್‌ಗಳು ಫೋನಿನ ಜೊತೆಗೇ ಬಂದಿರುತ್ತವೆ. ಕೆಲವು ನೋವುಗಳನ್ನೂ ನಾವು ಆರಿಸಿಕೊಂಡಿರುವುದಿಲ್ಲ. ಅವು ನಮ್ಮ ತಪ್ಪಲ್ಲ. ಆದರೆ ತಪ್ಪು ಬೇರೆ, ಹೊಣೆ ಬೇರೆ. ಒಳಗೆ ತೆರೆದು ನೋಡುವ ಕೆಲಸವನ್ನು ನಮ್ಮ ಬದಲು ಇನ್ನೊಬ್ಬರು ಮಾಡಲಾರರು.

ನೋಡುವುದು ಹೇಗೆ? ಅನೇಕರು ಆ್ಯಪ್‌ಗಳನ್ನು ಬೆರಳಿಂದ ತಳ್ಳಿ ತಳ್ಳಿ ಮುಚ್ಚುತ್ತಾರೆ. ಮತ್ತೆ ತೆರೆದಾಗ ಅವು ಮೊದಲಿನಿಂದ ಶುರುವಾಗಬೇಕು, ಹಾಗಾಗಿ ಒಮ್ಮೊಮ್ಮೆ ಖರ್ಚು ಹೆಚ್ಚೇ. ಮಜ್ಝಿಮ ನಿಕಾಯದ ವಿತಕ್ಕಸಂಠಾನ ಸುತ್ತದಲ್ಲಿ ಕೆಟ್ಟ ಯೋಚನೆಗಳನ್ನು ನಿಭಾಯಿಸುವ ಐದು ದಾರಿಗಳಿವೆ. ಹಲ್ಲು ಕಚ್ಚಿ ಮನಸ್ಸನ್ನು ಅದುಮುವುದು ಅವುಗಳಲ್ಲಿ ಕೊನೆಯದು. ಅದರ ಹಿಂದಿನ ದಾರಿಗೆ ಕೊಟ್ಟ ಹೋಲಿಕೆಯಲ್ಲಿ, ಬಿರಬಿರನೆ ನಡೆಯುತ್ತಿದ್ದವನೊಬ್ಬ ಯಾಕಿಷ್ಟು ಅವಸರವೆಂದು ತನ್ನನ್ನೇ ಕೇಳಿಕೊಂಡು ನಿಧಾನವಾಗುತ್ತಾನೆ, ನಿಲ್ಲುತ್ತಾನೆ, ಕೂರುತ್ತಾನೆ, ಮಲಗುತ್ತಾನೆ. 2015ರಲ್ಲಿ ಆಂಡ್ರಾಯ್ಡ್ 6ರ ಜೊತೆ ಬಂದ 'ಡೋಜ್' ವ್ಯವಸ್ಥೆಯೂ ಹೀಗೆಯೇ. ಪರದೆ ಆರಿಸಿ ಫೋನನ್ನು ಅಲುಗಾಡದಂತೆ ಇಟ್ಟರೆ, ಕೆಲ ಹೊತ್ತಿನ ಮೇಲೆ ಅದು ಹಿನ್ನೆಲೆಯ ಕೆಲಸಗಳನ್ನು ತಡೆಹಿಡಿದು ನಡುನಡುವೆ ಮಾತ್ರ ಅವಕ್ಕೆ ಅವಕಾಶ ಕೊಡುತ್ತದೆ.

*ಇಂದಿನ ಅಭ್ಯಾಸ:* ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಬಳಕೆಯ ಪಟ್ಟಿ ನೋಡಿ, ಬೇಡದ ಅನುಮತಿಗಳನ್ನು ಹಿಂದಕ್ಕೆ ತೆಗೆದುಕೊಳ್ಳಿ. ಆಮೇಲೆ ಹತ್ತು ನಿಮಿಷ ಜಗಲಿಯಲ್ಲಿ ಸುಮ್ಮನೆ ಕುಳಿತು, ಇಂದು ನನ್ನೊಳಗೆ ಏನೇನು ಓಡಿತು ಎಂದು ನೋಡಿ. ಬೈಯುವುದು ಬೇಡ, ಗುರುತಿಸಿದರೆ ಸಾಕು. ಮಗುವನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ಅದಾದ ಮೇಲೆ.

ಎಲ್ಲರಿಗೂ ಮಂಗಳವಾಗಲಿ 🙏